ದುನ್ಯಾ ಮಿಖಾಯಿಲ್ ಪರಿಚಯ ಲೇಖನ: ಇಸವಿ ತಾಳೆಯಾಗದಿದ್ದರೆ

ಇರಾಕಿ ಕವಿ, ಪತ್ರಕರ್ತೆ ದುನ್ಯಾ ಮಿಖಾಯಿಲ್ ಬಗ್ಗೆ ಪರಿಚಯ ಲೇಖನ ಬರೆಯುತ್ತಿದ್ದೀರಿ, ಅವರ 'ಕಡಲ ಹೊರಗಿನ ಅಲೆಯ ದಿನಚರಿ' ಎಂಬ ಒಂದೇ ಪುಸ್ತಕಕ್ಕೆ ಒಂದು ಕಡೆ 1995, ಇನ್ನೊಂದು ಕಡೆ 2009 ಎಂದು ಸಿಗುತ್ತಿದೆ ಅಂದಿರಿ. ಬಹುಶಃ ಅರಬ್ಬಿ ಮೂಲದ ಇಸವಿಯೂ ಇಂಗ್ಲಿಷ್ ಅನುವಾದದ ಇಸವಿಯೂ ಕಲಸಿಹೋಗಿವೆ. ಪುಸ್ತಕದ ಮೊದಲ ಭಾಗ 1995ರಲ್ಲಿ ಬಾಗ್ದಾದಿನಲ್ಲೇ ಬಂತು. ಎರಡನೆಯದು ಅಮೆರಿಕಕ್ಕೆ ಹೋದ ಮೇಲೆ ಬರೆದದ್ದು. 2009 ಇಂಗ್ಲಿಷ್ ಆವೃತ್ತಿಯ ವರ್ಷ.

ಮೊದಲು ಪ್ರತಿ ಕೃತಿಯ ಮುಂದೆ ಎರಡೂ ಇಸವಿ ಬೇರೆಬೇರೆಯಾಗಿ ಗುರುತಿಸಿಕೊಳ್ಳಿ. ಆಮೇಲೆ ಬದುಕಿನ ಘಟ್ಟಗಳನ್ನು ಜೋಡಿಸಿ: 1965ರಲ್ಲಿ ಬಾಗ್ದಾದಿನಲ್ಲಿ ಜನನ, 'ಬಾಗ್ದಾದ್ ಅಬ್ಸರ್ವರ್' ಪತ್ರಿಕೆಯಲ್ಲಿ ಕೆಲಸ, ನಂತರ ಜೋರ್ಡಾನ್ ಮೂಲಕ ಅಮೆರಿಕ. ದೇಶ ಬಿಟ್ಟ ವರ್ಷ ಒಂದೊಂದು ಕಡೆ ಒಂದೊಂದು ಥರ ಇರುತ್ತೆ, 'ತೊಂಬತ್ತರ ದಶಕದ ನಡುಭಾಗ' ಅಂತ ಬರೆದುಬಿಡಿ, ತಪ್ಪಾಗಲ್ಲ. ಅವರು ಅರಬ್ಬಿ ಕಲಿಸುವ ಓಕ್ಲೆಂಡ್ ವಿಶ್ವವಿದ್ಯಾಲಯ ಇರುವುದು ಮಿಷಿಗನ್‌ನಲ್ಲಿ. ಓಕ್ಲೆಂಡ್ ಹೆಸರಿನ ಊರು ಕ್ಯಾಲಿಫೋರ್ನಿಯಾದಲ್ಲೂ ಇದೆ, ಅದನ್ನು ನೋಡಿ ಕ್ಯಾಲಿಫೋರ್ನಿಯಾ ಅಂತ ಹಾಕೀರಿ, ಜೋಕೆ!

ಲೇಖನದಲ್ಲಿ ಅವರನ್ನು ಪತ್ರಕರ್ತೆಯಾಗಿ ಪರಿಚಯಿಸುವ ಭಾಗಕ್ಕೆ ಬಾಗ್ದಾದಿನ ನೌಕರಿ ಒಂದನ್ನೇ ನೆಚ್ಚಿಕೊಳ್ಳಬೇಡಿ. 2018ರಲ್ಲಿ ಇಂಗ್ಲಿಷಿಗೆ ಬಂದ 'ದಿ ಬೀಕೀಪರ್' (ಜೇನುಸಾಕಣೆಗಾರ) ಪುಸ್ತಕ ನೋಡಿ. ಐಸಿಸ್ ಉಗ್ರರು ಹೊತ್ತೊಯ್ದ, ಇರಾಕಿನ ಅಲ್ಪಸಂಖ್ಯಾತ ಯಜೀದಿ ಸಮುದಾಯದ ಹೆಣ್ಣುಮಕ್ಕಳನ್ನು ಬಿಡಿಸಿ ತರುತ್ತಿದ್ದ ಅಬ್ದುಲ್ಲಾ ಎಂಬ ಜೇನು ವ್ಯಾಪಾರಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ, ತಪ್ಪಿಸಿಕೊಂಡು ಬಂದವರ ಮಾತನ್ನು ಅವರವರ ಬಾಯಲ್ಲೇ ದಾಖಲಿಸಿದ್ದಾರೆ. ನಡುನಡುವೆ ಕವಿತೆಯೂ ಬರುತ್ತದೆ. ನನ್ನ ಪ್ರಕಾರ ಕವಿ, ವರದಿಗಾರ್ತಿ ಇಬ್ಬರೂ ಒಟ್ಟಿಗೆ ಸಿಗುವುದು ಇಲ್ಲೇ. ಲೇಖನದ ಅರ್ಧ ಜಾಗ ಇದಕ್ಕೇ ಇಡಿ. ಇದರ ಬ್ರಿಟನ್ ಆವೃತ್ತಿಯ ಶೀರ್ಷಿಕೆಯಲ್ಲಿ 'ಸಿಂಜಾರ್' (ಯಜೀದಿಗಳ ನೆಲೆಯಾದ ಉತ್ತರ ಇರಾಕಿನ ಪ್ರದೇಶ) ಸೇರಿದೆ, ಅದನ್ನು ಬೇರೆ ಪುಸ್ತಕ ಎಂದು ಎಣಿಸಬೇಡಿ.