ಮಳೆಗೆ ಅಂಜದ ರೈಫಲ್ ಯಾವುದು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
(ಉತ್ತರಿಸಿದವರು: ಸೇನೆಯಲ್ಲಿ ಶಸ್ತ್ರ ದುರಸ್ತಿಯ ಕೆಲಸ ಮಾಡಿ ನಿವೃತ್ತರಾಗಿ ಪುಣೆಯ ಖಡಕಿಯಲ್ಲಿ ನೆಲೆಸಿರುವ ಕನ್ನಡಿಗರು)

ಪ್ರಶ್ನೆ: ನಮ್ಮೂರು ಪೊನ್ನಂಪೇಟೆ ಹತ್ತಿರ. ಹದಿನಾರು ವರ್ಷದಿಂದ ಪುಣೆಯ ಕೋಥರೂಡ್‌ನಲ್ಲಿದ್ದೇನೆ. ಕಂಪನಿ ಕೆಲಸದ ಮೇಲೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಐದು ವರ್ಷಕ್ಕೆ ಹೊರಟಿದ್ದೇನೆ. ಅಲ್ಲಿ ಬೇಟೆಗೆ ಕಾನೂನಿನ ಅಡ್ಡಿಯಿಲ್ಲ, ಸಹೋದ್ಯೋಗಿಗಳು ಜಿಂಕೆ, ತಾರ್ (ಬೆಟ್ಟದ ಕಾಡುಮೇಕೆ) ಬೇಟೆಗೆ ಹೋಗುತ್ತಾರಂತೆ. ಮಳೆ, ಹಿಮ, ಕಡಲಗಾಳಿ ಎಲ್ಲಕ್ಕೂ ಒಗ್ಗುವ ಒಂದೇ ರೈಫಲ್, ಒಂದೇ ತೋಟಾ ಹೇಳಿ. ಸ್ಟೇನ್‌ಲೆಸ್ ಆದರೆ ತುಕ್ಕಿನ ಚಿಂತೆ ಇಲ್ಲ, .300 ವಿನ್‌ಮ್ಯಾಗ್ ಎಂಬ ದೊಡ್ಡ ತೋಟಾ ಆದರೆ ಯಾವುದಕ್ಕೂ ಕಡಿಮೆ ಬೀಳದು ಎನ್ನುತ್ತಾನೆ ಗೆಳೆಯ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಈಡು ಹೊಡೆದದ್ದು ಬಿಟ್ಟರೆ ನನಗೆ ಅನುಭವವಿಲ್ಲ.

ಉತ್ತರ: ಗೆಳೆಯರ ಎರಡೂ ಮಾತನ್ನು ಸ್ವಲ್ಪ ತಡೆದು ನೋಡೋಣ.

ಮೊದಲು ಸ್ಟೇನ್‌ಲೆಸ್. ಅಡುಗೆಮನೆಯ ಒಳ್ಳೆಯ ಸ್ಟೀಲ್ ಲೋಟಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟುವುದಿಲ್ಲ. ಅದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ರೈಫಲ್ ನಳಿಗೆಗೆ ಬಳಸುವ ಸ್ಟೇನ್‌ಲೆಸ್‌ಗೆ ಅದೇ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಅದು 416 ಎಂಬ ಬೇರೆಯೇ ಜಾತಿ. ಕ್ರೋಮಿಯಂ 12ರಿಂದ 14 ಪಾಲು ಅಷ್ಟೇ, ಕೊರೆಯಲು ಸುಲಭವಾಗಲೆಂದು ಗಂಧಕವನ್ನೂ ಬೆರೆಸಿರುತ್ತಾರೆ. ತುಕ್ಕನ್ನು ಅದು ಮುಂದೂಡುತ್ತದೆ, ತಡೆದು ನಿಲ್ಲಿಸುವುದಿಲ್ಲ. ಕಪ್ಪುನೀಲಿ ಬಣ್ಣ ಕೊಟ್ಟ ಸಾಧಾರಣ ಉಕ್ಕಿಗಿಂತ ಎಷ್ಟೋ ಮೇಲು, ಅದನ್ನೇ ತೆಗೆದುಕೊಳ್ಳಿ. ಆದರೆ ಹೊರಗೆ ಬೆಳ್ಳಗೆ ಹೊಳೆಯುವ ರೈಫಲ್ಲಿನ ಒಳಗಿನ ಸ್ಪ್ರಿಂಗು, ಫೈರಿಂಗ್ ಪಿನ್ನು, ಟ್ರಿಗರಿನ ಬಿಡಿಭಾಗ, ತಿರುಪುಗಳು ಬಹುಪಾಲು ಸಾಧಾರಣ ಉಕ್ಕಿನವೇ. ಕಣ್ಣಿಗೆ ಬೀಳದ ಆ ಜಾಗದಲ್ಲೇ ತುಕ್ಕು ಮೊದಲು ಕೂರುತ್ತದೆ.

ಅದಕ್ಕಿಂತ ದೊಡ್ಡ ವಿಷಯ ನಳಿಗೆಯನ್ನು ಹೊತ್ತ ಮರದ್ದು, ಅಂದರೆ ಸ್ಟಾಕಿನದ್ದು. ಒಂದು ಜುಲೈಯಲ್ಲಿ ಮುಂಬೈನ ವರ್ಳಿ ರೇಂಜಿಗೆ ನನ್ನ ಸ್ವಂತ .22 ರೈಫಲ್ ಹಿಡಿದು ಹೋಗಿದ್ದೆ. ಪುಣೆಯಲ್ಲಿ ಬೆರಳಗಲದೊಳಗೆ ಗುಂಡು ಕೂರಿಸುತ್ತಿದ್ದ ರೈಫಲ್ ಅದು. ಮೂರು ದಿನದ ಸುರಿಮಳೆಯಾದ ಮೇಲೆ 50 ಮೀಟರಿನಲ್ಲಿ ಎಲ್ಲ ಗುಂಡೂ ಎರಡು ಬೆರಳು ಎಡಕ್ಕೆ. ಸೈಟ್ ತಿರುಗಿಸಿದೆ, ಮಾರನೆಯ ದಿನ ಮತ್ತೆ ಬೇರೆ ಕಡೆ. ಉಸಿರು ಸರಿಯಿಲ್ಲ, ಕೈ ಸರಿಯಿಲ್ಲ ಎಂದು ನನ್ನನ್ನೇ ದೂರಿಕೊಂಡೆ. ಕೊನೆಗೆ ನೂರರ ನೋಟೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಜಾರಿಸಿದೆ. ಅರ್ಧದಲ್ಲೇ ಸಿಕ್ಕಿಕೊಂಡಿತು. ತೇವ ಕುಡಿದ ಮರ ಉಬ್ಬಿ ನಳಿಗೆಯನ್ನು ಒಂದು ಮಗ್ಗುಲಿನಿಂದ ಒತ್ತುತ್ತಿತ್ತು. ಶಸ್ತ್ರ ರಿಪೇರಿಯಲ್ಲೇ ಜೀವನ ಕಳೆದ ನನಗೆ ಅಷ್ಟು ಹೊತ್ತು ಅದು ಹೊಳೆಯಲಿಲ್ಲವಲ್ಲ ಎಂದು ಈಗಲೂ ಬೇಸರವಾಗುತ್ತದೆ. ಅವತ್ತು ಎದುರಿಗಿದ್ದದ್ದು ಕಾಗದ. ನಿಮ್ಮ ಎದುರಿಗಿರುವುದು ಜೀವವಿರುವ ಪ್ರಾಣಿ. ಎರಡು ಬೆರಳು ತಪ್ಪಿದರೆ ಅದು ಗಾಯಗೊಂಡು ಕಣಿವೆಗೆ ಇಳಿದು ನರಳುತ್ತದೆ.

ಎಲ್ಲ ಹವೆಗೂ ಆಗುವ ರೈಫಲ್ ಎಂದು ನಾನು ಕರೆಯುವುದು ಇದನ್ನೇ: ನಿನ್ನೆ ಒಣಗಿದ್ದಾಗ ಗುಂಡು ಎಲ್ಲಿ ಬಿತ್ತೋ ಇವತ್ತು ನೆನೆದು ತೊಪ್ಪೆಯಾದಾಗಲೂ ಅಲ್ಲೇ ಬೀಳಬೇಕು. ನ್ಯೂಜಿಲೆಂಡಿನ ಮಿಲ್ಫರ್ಡ್ ಸೌಂಡ್ ಕಡೆ ವರ್ಷಕ್ಕೆ 6000 ಮಿ.ಮೀ. ಮೀರಿ ಮಳೆ. ಆಗುಂಬೆ ಕಂಡವರಿಗೆ ಅಂದಾಜಾಗುತ್ತದೆ. ಅಲ್ಲಿಗೆ ವಾಲ್ನಟ್ ಮರದ ಚೆಂದದ ಸ್ಟಾಕ್ ಬೇಡ. ಸಿಂಥೆಟಿಕ್ ಸ್ಟಾಕ್ ಇರಲಿ, ನಳಿಗೆ ಅದಕ್ಕೆ ಎಲ್ಲೂ ತಗಲದೆ ನಿಂತಿರಲಿ. ಅಂಗಡಿಯಲ್ಲೇ ನೋಟು ಜಾರಿಸಿ ನೋಡಿ, ಸಂಕೋಚಪಡಬೇಡಿ.

ಬೋಲ್ಟ್ ಆ್ಯಕ್ಷನ್ನೇ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ಏರಿಸುವ ಬಗೆ) ಸಾಕು. 2019ರ ಮಾರ್ಚ್ 15ರ ಕ್ರೈಸ್ಟ್‌ಚರ್ಚ್ ಮಸೀದಿ ಹತ್ಯಾಕಾಂಡದ ನಂತರ ಅಲ್ಲಿ ತೋಟಾವನ್ನು ತಾನೇ ಏರಿಸಿಕೊಳ್ಳುವ ಬಹುತೇಕ ಸೆಮಿ ಆಟೋಮ್ಯಾಟಿಕ್‌ಗಳನ್ನು ನಿಷೇಧಿಸಿದ್ದಾರೆ, ಹೀಗಾಗಿ ಬೇರೆ ಆಯ್ಕೆಯೂ ಹೆಚ್ಚಿಲ್ಲ. 1898ರ ಮೌಸರ್‌ನಂತೆ ತೋಟಾದ ಅಂಚನ್ನು ಮೊದಲೇ ಕಚ್ಚಿ ಹಿಡಿಯುವ ಬೋಲ್ಟೇ ಬೇಕೆಂದು ವಾದಿಸುವವರಿದ್ದಾರೆ. ಕಾಡಾನೆ, ಕರಡಿ ಎದುರಾಗುವ ನಾಡಿನಲ್ಲಿ ಆ ಮಾತಿಗೆ ತೂಕವಿದೆ, ಜಿಂಕೆಗಲ್ಲ. ನಾನು ನೋಡುವುದು ಬೋಲ್ಟನ್ನು ಯಾವ ಉಪಕರಣವೂ ಇಲ್ಲದೆ ಬರಿಗೈಯಲ್ಲಿ ಬಿಚ್ಚಲಾಗುತ್ತದೆಯೇ ಎಂದು. ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್, ಜಪಾನಿನ ಹೋವಾ 1500 ಎರಡೂ ಹಾಗೆ ಬಿಚ್ಚಿಕೊಳ್ಳುತ್ತವೆ. ಬೆಟ್ಟದ ಗುಡಿಸಲಿನಲ್ಲಿ ರಾತ್ರಿ ಬೋಲ್ಟ್ ಬಿಚ್ಚಿ ನೀರು ಒರೆಸಿ, ಎಣ್ಣೆಯನ್ನು ಕಂಡೂ ಕಾಣದಷ್ಟು ತೆಳ್ಳಗೆ ಸವರಿ ಜೋಡಿಸಬೇಕು. ಗ್ರೀಸ್ ಮೆತ್ತಬೇಡಿ, ಹಿಮದಲ್ಲಿ ಅದು ಗಟ್ಟಿಯಾಗಿ ಫೈರಿಂಗ್ ಪಿನ್ ಹಿಡಿದು ನಿಲ್ಲಿಸುತ್ತದೆ, ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಸಿಡಿಯುವುದಿಲ್ಲ.

ಈಗ ತೋಟಾ. .300 ವಿನ್‌ಮ್ಯಾಗ್ ಕೆಟ್ಟದ್ದಲ್ಲ, ನಿಮಗೆ ಬೇಡ. ಒಂದೇ ತೂಕದ ರೈಫಲ್ಲಿನಲ್ಲಿ .30-06 ಎಂಬ ತೋಟಾ ಕೊಡುವುದಕ್ಕಿಂತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೆಚ್ಚು ಒದೆತ ಅದರದ್ದು. ಬೆಟ್ಟ ಹತ್ತಲೆಂದು ಮೂರು ಕೆ.ಜಿ.ಗಿಂತ ಹಗುರದ ರೈಫಲ್ ಕೊಂಡಿರುತ್ತೀರಿ, ಪೆಟ್ಟೆಲ್ಲ ಹೆಗಲಿಗೆ. ಹತ್ತು ಈಡಿನೊಳಗೆ ಕಣ್ಣು ತಾನಾಗಿ ಮುಚ್ಚಲು ಕಲಿಯುತ್ತದೆ, ಆ ಚಾಳಿ ಬಿಡಿಸಲು ವರ್ಷ ಹಿಡಿಯುತ್ತದೆ. 1906ರ .30-06 ಹಳೆಯ, ನಂಬಿಕಸ್ಥ ತೋಟಾ. ಆದರೂ ಹೊಸಬರಾದ ನಿಮಗೆ ನನ್ನ ಆಯ್ಕೆ 1952ರಲ್ಲಿ ಬಂದ .308 ವಿಂಚೆಸ್ಟರ್. ಗುಂಡಿನ ದಪ್ಪ ಎರಡರಲ್ಲೂ ಒಂದೇ. ಹಿತ್ತಾಳೆ ಕೇಸಿನ ಉದ್ದ 63 ಮಿ.ಮೀ. ಬದಲು 51 ಮಿ.ಮೀ., ಒದೆತ ಕಡಿಮೆ. 150 ಗ್ರೇನ್ (ಸುಮಾರು 10 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಡುತ್ತದೆ. 200 ಮೀಟರಿಗೆ ಗುರಿ ಕೂಡಿಸಿದರೆ 300 ಮೀಟರಿನಲ್ಲಿ ಒಂಬತ್ತು ಹತ್ತು ಇಂಚು ಇಳಿಯುತ್ತದೆ. ಕೆಂಪು ಜಿಂಕೆಗೂ ತಾರ್‌ಗೂ ಇದು ಧಾರಾಳ. ಹಳ್ಳಿಯ ಸಣ್ಣ ಅಂಗಡಿಯಲ್ಲೂ .308 ಸಿಗುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಅದರ ವೇಗಕ್ಕಿಂತ ದೊಡ್ಡ ಗುಣ. (ತಾರ್ ಮೂಲದಲ್ಲಿ ನಮ್ಮ ಹಿಮಾಲಯದ್ದೇ, 1904ರಲ್ಲಿ ಅಲ್ಲಿಗೆ ಒಯ್ದು ಬಿಟ್ಟದ್ದು. ಇಲ್ಲಿ ಕಾನೂನು ಕಾಯುವ ಪ್ರಾಣಿ ಅಲ್ಲಿ ಗಿಡಗಂಟಿ ತಿಂದು ಬೆಟ್ಟ ಬೋಳಾಗಿಸುವ ಹೊರೆಯಾಗಿದೆ.)

ಸ್ಕೋಪಿನೊಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿರಬೇಕು, ಇಲ್ಲದಿದ್ದರೆ ಒಳಗೇ ಮಂಜು ಕಟ್ಟುತ್ತದೆ. ನಳಿಗೆಯ ಬಾಯಿಗೆ ಒಂದೇ ಸುತ್ತು ಇನ್ಸುಲೇಶನ್ ಟೇಪ್ ಅಂಟಿಸಿ. ಗುಂಡು ತಲುಪುವ ಮೊದಲೇ ಗಾಳಿ ಅದನ್ನು ಹರಿದೆಸೆಯುತ್ತದೆ, ಗುರಿ ಕೆಡುವುದಿಲ್ಲ. ಟೇಪಿಲ್ಲದೆ ಕೆಸರೋ ಹಿಮವೋ ಒಳಹೊಕ್ಕ ನಳಿಗೆಯಿಂದ ಗುಂಡು ಹಾರಿಸಿದರೆ ನಳಿಗೆಯೇ ಸೀಳಬಹುದು. ಅಲ್ಲಿ ಸದ್ದು ತಗ್ಗಿಸುವ ಸಪ್ರೆಸರ್ ಬಳಕೆ ಸಾಮಾನ್ಯ, ಕಿವಿಗೆ ಒಳ್ಳೆಯದೇ. ಆದರೆ ದಿನದ ಕೊನೆಗೆ ಬಿಚ್ಚಿಡಲೇಬೇಕು. ಮಸಿ ಮತ್ತು ತೇವ ಅದರೊಳಗೆ ಉಳಿದು ನಳಿಗೆಯ ಬಾಯಿಯನ್ನೇ ತಿನ್ನುತ್ತವೆ.

ಅಲ್ಲಿನ ಬಂದೂಕು ಲೈಸೆನ್ಸ್ ಕೈಗೆ ಬರುವವರೆಗೆ ಏನನ್ನೂ ಕೊಳ್ಳಲಾಗದು; 2023ರ ಜೂನ್‌ನಿಂದ ನೋಂದಣಿಯೂ ಜಾರಿಯಲ್ಲಿದೆ. ಸರ್ಕಾರಿ ಕಾಡಿಗೆ ಕಾಲಿಡಲು ಅಲ್ಲಿನ ಸಂರಕ್ಷಣಾ ಇಲಾಖೆಯ ಪರವಾನಗಿ ಬೇರೆ ಬೇಕು. ಹೊರಡುವ ಮೊದಲು ಇಲ್ಲೇ ಯಾವುದಾದರೂ ರೈಫಲ್ ಕ್ಲಬ್ ಸೇರಿ .22ರಲ್ಲಿ ಕೆಲವು ನೂರು ಗುಂಡು ಹಾರಿಸಿ. ಆ ಅಭ್ಯಾಸಕ್ಕೆ ಮಾಡುವ ಖರ್ಚು ರೈಫಲ್ ಬೆಲೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ಕೆಲಸ. ಕಾಣಕೋಣದಲ್ಲಿ ಮಾವನವರ ತೆಂಗಿನ ತೋಟವಿದೆ. ಬೆಳೆ ರಕ್ಷಣೆಗೆಂದು ಅವರ ಹೆಸರಲ್ಲಿ ಒಂಟಿ ನಳಿಗೆಯ ಕೋವಿ ಇದೆ, ತುಕ್ಕು ಹಿಡಿಯುತ್ತಿದೆ. ಹಂದಿ ಕಾಟ ತಡೆಯಲಾಗುತ್ತಿಲ್ಲ. ನಾನು ರೈಫಲ್ ತರಲೇ?

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೋವಾಕ್ಕೂ ಅನ್ವಯ. ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು, ಹಂದಿ ಕೊಲ್ಲಲು ಅಲ್ಲ. ಕೊಲ್ಲಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಬೆಳೆ ಹಾಳಾದ ಫೋಟೋ, ಜಮೀನಿನ ಕಾಗದ ಹಿಡಿದು ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಇನ್ನೊಂದು: ಕೋವಿ ಮಾವನವರದ್ದು. ಅಳಿಯನಾದರೂ ನೀವು ಅದರಿಂದ ಒಂದು ಈಡು ಹೊಡೆಯುವಂತಿಲ್ಲ.

ತುಕ್ಕಿಗೆ ಕಾರಣ ಬಹುಶಃ ಚರ್ಮದ ಅಥವಾ ಸ್ಪಂಜಿನ ಚೀಲ. ಕಡಲ ತೇವವನ್ನು ಹೀರಿ ಅದು ಕೋವಿಯ ಮೈಗೇ ಒತ್ತಿಡುತ್ತದೆ. ಚೀಲದಿಂದ ತೆಗೆದು, ಒರೆಸಿ, ಎಣ್ಣೆ ಸವರಿ ಬೀಗದ ಕಪಾಟಿನಲ್ಲಿ ಬಾಯಿ ಕೆಳಗಾಗಿ ನಿಲ್ಲಿಸಿ. ಹೆಚ್ಚಾದ ಎಣ್ಣೆ ಮರಕ್ಕೆ ಇಳಿಯದು. ಬರಿಗೈ ತಾಗಿದ ಕಡೆ ಬೆವರಿನ ಉಪ್ಪು ಉಳಿಯುತ್ತದೆ, ಮುಟ್ಟಿದಾಗಲೆಲ್ಲ ಒರೆಸಬೇಕು. ಹಳೆಯ ಕಾಗದದ ತೋಟೆಗಳಿದ್ದರೆ ತೇವಕ್ಕೆ ಉಬ್ಬಿರುತ್ತವೆ, ನಳಿಗೆಗೆ ತುರುಕಬೇಡಿ.

ಪ್ರಶ್ನೆ: ಮುಂಬೈನ ಮಾಟುಂಗಾದಲ್ಲಿದ್ದೇವೆ. ವಿರಾಜಪೇಟೆಯ ಐನ್‌ಮನೆಯಲ್ಲಿ ಅಜ್ಜನ .315 ರೈಫಲ್ ಇದೆ. ನಳಿಗೆ ಬದಲಿಸಿ ಸ್ಟೇನ್‌ಲೆಸ್ ಹಾಕಿಸಬಹುದೇ? ಹಳೆಯ ತೋಟಾಗಳೂ ಇವೆ.

ಉತ್ತರ: ನಳಿಗೆಯೇ ಕೋವಿಯ ಜೀವ. ಅದನ್ನು ಬದಲಿಸುವುದು ಲೈಸೆನ್ಸ್ ಇರುವ ತಯಾರಕರ ಕೆಲಸ, ಊರಿನ ಲೇತ್ ಅಂಗಡಿಯಲ್ಲಿ ಮಾಡಿಸಿದರೆ ಅಪರಾಧ. ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೊಡವರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ, ಆ ಪ್ರಮಾಣಪತ್ರ ರೈಫಲ್ ಜತೆಗೇ ಇರಲಿ.

.315ಗೂ ಒಂದು ಕತೆಯಿದೆ. ಸೇನೆಯ .303 ನಾಗರಿಕರಿಗೆ ನಿಷಿದ್ಧವಾಗಿತ್ತು. ಆದ್ದರಿಂದ ಆಸ್ಟ್ರಿಯಾ-ಹಂಗರಿಯ 8 ಮಿ.ಮೀ. ಮ್ಯಾನ್‌ಲಿಶರ್ ತೋಟಾವನ್ನು ಸೇನೆಯ ಅದೇ ಲೀ-ಎನ್‌ಫೀಲ್ಡ್ ರೈಫಲ್ಲಿನ ಆ್ಯಕ್ಷನ್ನಿಗೆ ಹೊಂದಿಸಿ ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ಈ ರೈಫಲ್ ಮಾಡಿದರು. ನಿಮ್ಮ ತೋಟಾಗಳ ಬುಡದಲ್ಲಿ ‘ಕೆ.ಎಫ್.’ ಎಂಬ ಅಕ್ಷರವಿದ್ದರೆ ಅವು ನಮ್ಮ ಖಡಕಿಯವು. 1869ರಲ್ಲಿ ಶುರುವಾದ ಕಾರ್ಖಾನೆ, ಆಗ ಈ ಊರನ್ನು ಕಿರ್ಕೀ ಎಂದು ಬರೆಯುತ್ತಿದ್ದರು. ಹಿತ್ತಾಳೆ ಹಸಿರು ಕಟ್ಟಿದ್ದರೆ ಹಾರಿಸಬೇಡಿ, ಲೈಸೆನ್ಸ್ ಇರುವ ವ್ಯಾಪಾರಿಗೆ ಒಪ್ಪಿಸಿ. ಕುದುರೆ ಎಳೆದೂ ಸಿಡಿಯದಿದ್ದರೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೆಯಿರಿ. ಹಳೆಯ ಕೇಪುಗಳಲ್ಲಿನ ರಾಸಾಯನಿಕ ಉರಿದ ಮೇಲೆ ಉಪ್ಪಾಗಿ ನಳಿಗೆಯೊಳಗೆ ಕೂರುತ್ತದೆ, ಎಣ್ಣೆಗೆ ಕರಗುವುದಿಲ್ಲ. ಹಾರಿಸಿದ ದಿನದ ಸಂಜೆಯೇ ಬೋಲ್ಟ್ ಕಳಚಿ, ಹಿಂಬದಿಯಿಂದ ಆಲಿಕೆಯಿಟ್ಟು ಕುದಿಯುವ ನೀರು ಹೊಯ್ದು, ನಳಿಗೆ ಆ ಬಿಸಿಗೇ ಒಣಗಿದ ಮೇಲೆ ಎಣ್ಣೆ ಬಟ್ಟೆ ಎಳೆಯಿರಿ.