ರೆಕ್ಟಿಫೈಯರ್ ವಾಲ್ವ್ ಬದಲಿಸಿದರೆ ನಾದ ಬದಲಾಗುವುದೇ?

ಪ್ರಶ್ನೆ: 1950ರ ದಶಕದ ಕೊನೆಯ ಫೆಂಡರ್ ಡಿಲಕ್ಸ್ ಗಿಟಾರ್ ಆಂಪ್ಲಿಫೈಯರಿನಲ್ಲಿ 5ವೈ3 ರೆಕ್ಟಿಫೈಯರ್ ವಾಲ್ವಿನ (ನಿರ್ವಾತ ನಳಿಕೆಯ) ಬದಲು ಜಿಝಡ್34 ಹಾಕಬಹುದೇ?

ಉತ್ತರ: ಗಿಟಾರಿನ ಸಂಕೇತವು ಈ ವಾಲ್ವಿನ ಮೂಲಕ ಹಾದುಹೋಗುವುದೇ ಇಲ್ಲ, ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿಸುವುದಷ್ಟೇ ಅದರ ಕೆಲಸ. ಆದರೂ ತಂತಿಯನ್ನು ಜೋರಾಗಿ ಮೀಟಿದಾಗ ಸ್ಪೀಕರಿಗೆ ಶಕ್ತಿ ಒದಗಿಸುವ ಔಟ್‌ಪುಟ್ ವಾಲ್ವುಗಳು ಹೆಚ್ಚು ಕರೆಂಟನ್ನು ಎಳೆಯುವುದರಿಂದ, ಒಳರೋಧ ಹೆಚ್ಚಿರುವ 5ವೈ3ಯಲ್ಲಿ ವೋಲ್ಟೇಜು ಕ್ಷಣಕಾಲ ಕುಸಿದು ಚೇತರಿಸಿಕೊಳ್ಳುತ್ತದೆ. ಆಗ ಸ್ವರದ ಮೊದಲ ಏಟು ಮೆತ್ತಗಾಗಿ, ಅದರ ಬೆನ್ನಿಗೇ ನಾದ ಉಬ್ಬಿ ಬರುತ್ತದೆ. 5ವೈ3ಯಲ್ಲಿ 125 ಮಿಲಿಆಂಪಿಯರಿಗೆ ಸುಮಾರು 60 ವೋಲ್ಟ್ ನಷ್ಟವಾದರೆ, ಜಿಝಡ್34ರಲ್ಲಿ 225 ಮಿಲಿಆಂಪಿಯರಿಗೂ ಸುಮಾರು 17 ವೋಲ್ಟ್ ಮಾತ್ರ. ಬದಲಿಸಿದರೆ ನಾದ ಬಿಗಿಯಾಗುತ್ತದೆ, ಆದರೆ 6ವಿ6 ಎಂಬ ಔಟ್‌ಪುಟ್ ವಾಲ್ವುಗಳ ಮೇಲಿನ ವೋಲ್ಟೇಜು ಏರಿ ಅವುಗಳ ಆಯುಷ್ಯ ಕುಗ್ಗಬಹುದಾದ್ದರಿಂದ ನಾನಂತೂ ಹಾಗೆ ಮಾಡಲು ಹೇಳಲಾರೆ. ಒಂದೇ ಔಟ್‌ಪುಟ್ ವಾಲ್ವಿನ, ಫೆಂಡರಿನದೇ ಪುಟ್ಟ ಆಂಪ್ಲಿಫೈಯರ್ ಆದ ಚಾಂಪ್‌ನಲ್ಲಾದರೋ ಕರೆಂಟು ಬಹುತೇಕ ಸ್ಥಿರವಾಗಿರುವುದರಿಂದ ಈ ಕುಸಿತ ಅಷ್ಟಾಗಿ ಕೇಳಿಸದು.