ನೋಡುಗರ ಪ್ರತಿಕ್ರಿಯೆ ಅಳೆಯುವುದು: ಪ್ರಶ್ನೆ ಕೊನೆಗಿರಲಿ, ಗಮನಿಸುವುದು ಮೊದಲಾಗಲಿ

ನೋಡುಗರಿಗೆ ಯಾವ ಚಿತ್ರ ನಿಜವಾಗಿ ಹಿಡಿಸಿತೆಂದು ಅಳೆಯುವುದು ಹೇಗೆ, ಸಭಾಂಗಣದ ವಾತಾವರಣದ ಪರಿಣಾಮವನ್ನೂ ಅಳೆಯಬಹುದೇ ಎಂದು ನನಗೆ ಬರೆದಿದ್ದೀರಿ. ನಿಮ್ಮ ಚಿತ್ರಕಲಾ ಪ್ರದರ್ಶನದ ಬಾಗಿಲ ಬಳಿ ಕ್ಯೂಆರ್ ಕೋಡ್ ಅಂಟಿಸಿ, ಚಿತ್ರಗಳು ಇಷ್ಟವಾದವೇ, ಏಕೆ ಎಂದು ಕೇಳಿದ್ದೀರಿ; ಐದರಲ್ಲಿ 4.6 ನಕ್ಷತ್ರಗಳ ಸರಾಸರಿ ಬಂದಿದೆ. ಅದರ ಆಧಾರದ ಮೇಲೆ ಮುಂದಿನ ಪ್ರದರ್ಶನದ ಜೋಡಣೆಯನ್ನು ನಿರ್ಧರಿಸಿ, ಕಣ್ಣಿನ ನೋಟ ಎಲ್ಲೆಲ್ಲಿ ಹೋಗುತ್ತದೆಂದು ದಾಖಲಿಸುವ ಐ ಟ್ರ್ಯಾಕರ್ ಒಂದನ್ನೂ ಕೊಳ್ಳಬೇಕೆಂದಿದ್ದೀರಿ. ದಯವಿಟ್ಟು ಎರಡನ್ನೂ ಸದ್ಯಕ್ಕೆ ತಡೆಹಿಡಿಯಿರಿ. ನಾನೂ ಇದೇ ದಾರಿಯಲ್ಲಿ ಹೋಗಿ ಬಂದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಫಾರ್ಮ್ ತುಂಬಿಸುವವರು ಒಂದು ವಿಶೇಷ ಗುಂಪು. 1871ರಲ್ಲಿ ಡ್ರೆಸ್ಡೆನ್‌ನಲ್ಲಿ ಚಿತ್ರಕಾರ ಹೋಲ್ಬೈನನ ಹೆಸರಿನಲ್ಲಿದ್ದ, ಒಂದೇ ವಸ್ತುವಿನ ಎರಡು ಮಡೋನ್ನಾ (ಮಾತೆ ಮೇರಿಯ) ಚಿತ್ರಗಳನ್ನು ಒಟ್ಟಿಗೆ ಪ್ರದರ್ಶಿಸಿದಾಗ, ಜರ್ಮನಿಯ ಮನೋವಿಜ್ಞಾನಿ ಗುಸ್ತಾವ್ ಫೆಖ್ನರ್ ಅಲ್ಲೊಂದು ಪುಸ್ತಕವಿಟ್ಟು, ಯಾವುದು ಹೆಚ್ಚು ಹಿಡಿಸಿತೆಂದು ಬರೆಯುವಂತೆ ಕೇಳಿಕೊಂಡಿದ್ದರು. ಬಂದವರು 11,000ಕ್ಕೂ ಹೆಚ್ಚು, ಬರೆದವರು 113. ಅವುಗಳಲ್ಲೂ ಸೂಚನೆ ಪಾಲಿಸದ ಉತ್ತರಗಳನ್ನು ಮತ್ತು ಮೊದಲೇ ಒಂದು ತೀರ್ಮಾನಕ್ಕೆ ಬಂದಿದ್ದ ಕಲಾವಿಮರ್ಶಕರ ಉತ್ತರಗಳನ್ನು ಬದಿಗಿಡಬೇಕಾಯಿತು. ನಿಮ್ಮ ಕ್ಯೂಆರ್ ಕೋಡ್ ಆ ಪುಸ್ತಕದ ಇಂದಿನ ರೂಪ, ಅಷ್ಟೆ. ಅರ್ಧಕ್ಕೇ ಹೊರಟುಹೋದವರು ಅದರಲ್ಲಿ ಇಲ್ಲ; ಕಲಾವಿದರ ಸ್ನೇಹಿತರು ಧಾರಾಳವಾಗಿ ಇರುತ್ತಾರೆ.

ಇನ್ನು ಆ 'ಏಕೆ' ಎಂಬ ಪ್ರಶ್ನೆ. ಅದನ್ನು ಮೊದಲು ಕೇಳುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. 1993ರಲ್ಲಿ ಮನೋವಿಜ್ಞಾನಿ ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಕಾರಣಗಳನ್ನು ಯೋಚಿಸಿ ಬರೆದ ನಂತರ ಪೋಸ್ಟರ್ ಆರಿಸಿಕೊಂಡವರ ಆಯ್ಕೆ ಉಳಿದವರ ಆಯ್ಕೆಗಿಂತ ಬೇರೆಯಾಗಿತ್ತು. ಕೆಲವು ವಾರಗಳ ನಂತರ ವಿಚಾರಿಸಿದಾಗ ಅವರ ತೃಪ್ತಿಯೂ ಕಡಿಮೆಯಾಗಿತ್ತು. ಮಾತಿಗೆ ಸುಲಭವಾಗಿ ಸಿಗುವ ಕಾರಣ ಮನಸ್ಸಿಗೆ ನಿಜವಾಗಿ ತಟ್ಟಿದ ಕಾರಣವೇ ಆಗಿರಬೇಕೆಂದಿಲ್ಲ. ಆದ್ದರಿಂದ ಕಾರಣವನ್ನು ಕೇಳಲೇಬೇಕಿದ್ದರೆ ಎಲ್ಲ ಅಳತೆಗಳೂ ಮುಗಿದ ಮೇಲೆ ಕೇಳಿ.

ನನಗೆ ಅತ್ಯಂತ ಹೆಚ್ಚು ಫಲ ಕೊಟ್ಟಿರುವುದು ನಿಲ್ಲುವ ಸಮಯವನ್ನು ಅಳೆಯುವುದು ಮತ್ತು ಚಿತ್ರಗಳ ಸ್ಥಾನಪಲ್ಲಟ. ಒಂದು ಸ್ಟಾಪ್‌ವಾಚ್, ಒಂದು ಹಾಳೆ ಸಾಕು. ಎರಡೂ ಪಾದಗಳು ನಿಂತು ಮುಖ ಚಿತ್ರದ ಕಡೆ ತಿರುಗಿದಾಗ ಗಡಿಯಾರ ಶುರುವಾಗಬೇಕು. ಮುಂದಿನ ಹೆಜ್ಜೆ ಎತ್ತಿದಾಗ ನಿಲ್ಲಬೇಕು. ಚಿತ್ರದ ಪಕ್ಕದ ಮಾಹಿತಿ ಫಲಕ ಓದುವ ಸಮಯವನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಏಕೆಂದರೆ ಉದ್ದದ ಫಲಕವಿರುವ ಚಿತ್ರ ಸುಮ್ಮನೆ ಗೆದ್ದುಬಿಡುತ್ತದೆ. ಚಿತ್ರದ ಮುಂದೆಯೇ ನಿಂತು ಮೊಬೈಲ್ ನೋಡುತ್ತಿರುವವರನ್ನು ಲೆಕ್ಕದಿಂದ ಬಿಡಿ. ಮುಂದೆ ಹೋದವರು ಮತ್ತೆ ಅದೇ ಚಿತ್ರಕ್ಕೆ ಹಿಂತಿರುಗಿದರೆ ಅದನ್ನು ತಪ್ಪದೆ ಗುರುತಿಸಿ. ನನ್ನ ಅನುಭವದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಮೆಚ್ಚುಗೆ ಇಲ್ಲ. ಸರಾಸರಿಯನ್ನು ಮಾತ್ರ ನೆಚ್ಚಬೇಡಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಕೃತಿಯ ಮುಂದೆ ನಿಂತ ಸರಾಸರಿ ಸಮಯ ಸುಮಾರು 27 ಸೆಕೆಂಡು, ಮಧ್ಯಾಂಕ (ಎಲ್ಲ ಸಮಯಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) 17 ಸೆಕೆಂಡು. ಬಹಳ ಹೊತ್ತು ನಿಲ್ಲುವ ಕೆಲವರು ಸರಾಸರಿಯನ್ನು ಹೇಗೆ ಮೇಲಕ್ಕೆಳೆಯುತ್ತಾರೆ ಎಂಬುದು ಈ ಎರಡು ಅಂಕಿಗಳ ಅಂತರದಲ್ಲೇ ಕಾಣುತ್ತದೆ. ಜನರು ನಿಮ್ಮನ್ನು ಗಮನಿಸತೊಡಗಿದರೆ ಅವರ ನಡವಳಿಕೆ ಬದಲಾಗುತ್ತದೆ. ಆದ್ದರಿಂದ ಮೂಲೆಯಲ್ಲಿ ಕುಳಿತು ಬರೆಯಿರಿ. ಹಾಗೆಂದು ಕದ್ದು ಅಳೆಯಬಾರದು. ವೀಕ್ಷಕರ ಓಡಾಟವನ್ನು ದಾಖಲಿಸಲಾಗುತ್ತಿದೆ ಎಂಬ ಫಲಕ ಬಾಗಿಲಲ್ಲಿರಲಿ, ಬೇಡವೆಂದವರನ್ನು ಬಿಟ್ಟುಬಿಡಿ, ಮುಖಗಳ ಫೋಟೋ ಖಂಡಿತ ತೆಗೆಯಬೇಡಿ.

ಸ್ಥಾನಪಲ್ಲಟ ಏಕೆ ಬೇಕೆಂದರೆ, ಒಂದು ಪ್ರದರ್ಶನದಲ್ಲಿ ಮೂಲೆಯ ಭೂದೃಶ್ಯವೊಂದರ ಮುಂದೆ ಜನರು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಆ ಶೈಲಿಯೇ ಜನರಿಗೆ ಹಿಡಿಸಿತೆಂದು ಎಲ್ಲರೂ ನಂಬಿದ್ದೆವು. ಅರ್ಧ ಅವಧಿ ಕಳೆದ ಮೇಲೆ ಅದನ್ನು ಎದುರಿನ ಗೋಡೆಯ ಚಿತ್ರದೊಂದಿಗೆ ಅದಲುಬದಲು ಮಾಡಿದಾಗ, ದೀರ್ಘ ಸಮಯವು ಚಿತ್ರದ ಜೊತೆ ಹೋಗಲಿಲ್ಲ, ಮೂಲೆಯಲ್ಲಿಯೇ ಉಳಿಯಿತು. ಆ ಮೂಲೆಗೆ ಎಸಿಯ ತಂಪು ಗಾಳಿ ನೇರವಾಗಿ ಬೀಳುತ್ತಿತ್ತು, ಪಕ್ಕದಲ್ಲೇ ಒಂದು ಬೆಂಚಿತ್ತು, ಗಾಜಿನ ಮೇಲೆ ದೀಪದ ಪ್ರತಿಫಲನವೂ ಇರಲಿಲ್ಲ. ಅದಲುಬದಲು ಮಾಡದೆ ತೆಗೆದ ಯಾವ ಅಂಕಿಯನ್ನೂ ನಾನು ಅಂದಿನಿಂದ ನಂಬುವುದಿಲ್ಲ, ನೀವೂ ನಂಬಬೇಡಿ. ಅದಲುಬದಲು ಮಾಡುವಾಗ ದೀಪದ ಕೋನವನ್ನೂ ಚಿತ್ರದ ಎತ್ತರವನ್ನೂ ಮೊದಲಿನಂತೆಯೇ ಉಳಿಸಿಕೊಳ್ಳಿ. ರಜಾದಿನವನ್ನು ಕೆಲಸದ ದಿನದೊಂದಿಗೆ ಹೋಲಿಸುವುದು ಬೇಡ.

ಇಷ್ಟವನ್ನು ಬಾಯಿಂದಲೇ ಹೇಳಿಸಬೇಕಿದ್ದರೆ ನಕ್ಷತ್ರಗಳನ್ನು ಬಿಟ್ಟು ಜೋಡಿ ಹೋಲಿಕೆಗೆ ಬನ್ನಿ. ಎದುರಿಗೆ ಕಲಾವಿದರೇ ನಿಂತಿರುವಾಗ ಎರಡು ನಕ್ಷತ್ರ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸುವುದರಲ್ಲಿ ಆ ಸಂಕೋಚವಿಲ್ಲ. ಆದರೆ 6 ಚಿತ್ರಗಳಿಗೆ 15 ಜೋಡಿಗಳಾದರೆ 10 ಚಿತ್ರಗಳಿಗೆ 45 ಆಗುತ್ತವೆ, ಅಷ್ಟು ಹೊತ್ತಿಗೆ ಯಾರಿಗಾದರೂ ಬೇಸರವಾಗುತ್ತದೆ. ಆರಕ್ಕಿಂತ ಹೆಚ್ಚು ಚಿತ್ರಗಳಿದ್ದರೆ ಜೋಡಿಗಳನ್ನು ವೀಕ್ಷಕರ ನಡುವೆ ಹಂಚಿಬಿಡಿ. ಎಡಬಲಗಳನ್ನು ಬದಲಿಸುತ್ತಿರಲೇಬೇಕು: ಮನೋವಿಜ್ಞಾನಿ ನಿಸ್ಬೆಟ್ ಮತ್ತು ಮೇಲೆ ಹೇಳಿದ ವಿಲ್ಸನ್ 1977ರಲ್ಲಿ ವರದಿ ಮಾಡಿದಂತೆ, ಒಂದೇ ಬಗೆಯ ನಾಲ್ಕು ಜೊತೆ ಕಾಲುಚೀಲಗಳನ್ನು ಸಾಲಾಗಿ ಇಟ್ಟಾಗ ಬಲತುದಿಯದೇ ಹೆಚ್ಚು ಆಯ್ಕೆಯಾಯಿತು, ಆದರೆ ಸ್ಥಾನವೇ ಕಾರಣವೆಂದು ಯಾರೂ ತಾವಾಗಿ ಹೇಳಲಿಲ್ಲ. ಈ ಜೋಡಿ ಹೋಲಿಕೆಗೆ ಗೂಗಲ್ ಫಾರ್ಮ್ಸ್‌ಗಿಂತ ಮನೋವಿಜ್ಞಾನದ ಪ್ರಯೋಗಗಳಿಗೆಂದೇ ಇರುವ ಸೈಕೋಪೈ ತಂತ್ರಾಂಶ ಉತ್ತಮ. ಉಚಿತವಾಗಿ ಸಿಗುತ್ತದೆ, ಜೋಡಿಗಳ ಕ್ರಮವನ್ನು ತಾನೇ ಕಲಸುತ್ತದೆ, ಉತ್ತರಕ್ಕೆ ತಗುಲಿದ ಸಮಯವನ್ನೂ ಬರೆದಿಡುತ್ತದೆ.

ಐ ಟ್ರ್ಯಾಕರ್ ವಿಷಯಕ್ಕೆ ಬಂದರೆ, ಟೋಬಿಯಂತಹ ಕಂಪನಿಗಳ ಉಪಕರಣಗಳು ಒಳ್ಳೆಯವೇ, ಆದರೆ ನಿಮ್ಮ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ. ಕಣ್ಣು ಎಲ್ಲಿತ್ತೆಂಬುದನ್ನು ಉಪಕರಣ ಹೇಳುತ್ತದೆ. ಅದು ಮೆಚ್ಚುಗೆಯೋ ಗೊಂದಲವೋ ಎಂಬುದನ್ನು ಹೇಳುವುದಿಲ್ಲ. ಕಣ್ಣಿನ ಚಲನೆಯನ್ನು ಅಧ್ಯಯನ ಮಾಡಿದ ರಷ್ಯಾದ ಆಲ್ಫ್ರೆಡ್ ಯಾರ್ಬುಸ್, ಚಿತ್ರಕಾರ ರೆಪಿನ್‌ನ ಒಂದೇ ಚಿತ್ರವನ್ನು ಬೇರೆ ಬೇರೆ ಪ್ರಶ್ನೆಗಳೊಂದಿಗೆ ತೋರಿಸಿದಾಗ, ಚಿತ್ರದಲ್ಲಿರುವ ಜನರ ವಯಸ್ಸನ್ನು ಊಹಿಸುವಂತೆ ಕೇಳಿದರೆ ನೋಟ ಮುಖಗಳಿಗೆ ಹೋಯಿತು, ಅವರ ಉಡುಪನ್ನು ನೆನಪಿಟ್ಟುಕೊಳ್ಳಲು ಹೇಳಿದರೆ ನೋಟದ ಹಾದಿಯೇ ಬದಲಾಯಿತು. ಅಂದರೆ ನೋಟ ಎಲ್ಲಿ ಹೆಚ್ಚು ನಿಂತಿತೆಂದು ಬಣ್ಣಗಳಲ್ಲಿ ತೋರಿಸುವ ಹೀಟ್‌ಮ್ಯಾಪನ್ನು ನೀವು ಕೊಡುವ ಸೂಚನೆಯೇ ಬರೆಯುತ್ತದೆ. ವೆಬ್‌ಕ್ಯಾಮ್‌ನಿಂದ ನಡೆಯುವ ಅಗ್ಗದ ಬಗೆಗಳು ತಲೆ ಅಲುಗಾಡಿದರೆ ದಾರಿ ತಪ್ಪುತ್ತವೆ. ಕನ್ನಡಕದವರಲ್ಲಿ ಇನ್ನೂ ಕಷ್ಟ. ಕಣ್ಣಿನ ಪಾಪೆ ಹಿಗ್ಗುವುದನ್ನು ಆಸಕ್ತಿಯೆಂದು ಓದುವವರು, ಚಿತ್ರ ಕಪ್ಪಾಗಿದ್ದರೂ ಪಾಪೆ ಹಿಗ್ಗುತ್ತದೆ ಎಂಬುದನ್ನು ಮರೆಯುತ್ತಾರೆ. ಬೆರಳಿಗೆ ಕಟ್ಟುವ, ಚರ್ಮದ ವಿದ್ಯುದ್ವಾಹಕತೆ ಅಳೆಯುವ ಸಾಧನದಲ್ಲಿ ಪ್ರತಿಕ್ರಿಯೆ ಕಾಣಿಸಿಕೊಳ್ಳಲು 1ರಿಂದ 3 ಸೆಕೆಂಡು ಬೇಕು. ನಡೆದಾಡುವ ವೀಕ್ಷಕರು ಅಷ್ಟರಲ್ಲಿ ಪಕ್ಕದ ಚಿತ್ರಕ್ಕೆ ಹೋಗಿರಬಹುದು. ಕೈಗೆ ಕಟ್ಟುವ ಸ್ಮಾರ್ಟ್‌ವಾಚಿನ ನಾಡಿಬಡಿತವನ್ನು ಕಲಾನುಭವವೆಂದು ಯಾರಾದರೂ ಮಾರಲು ಬಂದರೆ ಬೇಡವೆನ್ನಿ.

ನಿಮ್ಮ ಎರಡನೆಯ ಪ್ರಶ್ನೆ, ಸಭಾಂಗಣದ ವಾತಾವರಣ ಜನರ ಮೇಲೆ ಬೀರುವ ಪರಿಣಾಮವನ್ನು ಅಳೆಯಬಹುದೇ ಎಂಬುದು. ಅಳೆಯಬಹುದು, ಆದರೆ ಜೋಡಿ ಮಾಡಿ. ಪರಿಸರ ಜನರ ಮೇಲೆ ಬೀರುವ ಪರಿಣಾಮವನ್ನು ಅಧ್ಯಯನ ಮಾಡಿದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳನ್ನು ವಯಸ್ಸು, ಲಿಂಗ ಮುಂತಾದವುಗಳಲ್ಲಿ ಹೊಂದಿಸಿ 23 ಜೋಡಿ ಮಾಡಲಾಗಿತ್ತು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರಗಳು, ಇನ್ನೊಬ್ಬರದಕ್ಕೆ ಇಟ್ಟಿಗೆಯ ಗೋಡೆ ಕಾಣುತ್ತಿತ್ತು. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬೇಕಾದ ತೀವ್ರ ನೋವು ನಿವಾರಕಗಳೂ ಕಡಿಮೆ. ಕಿಟಕಿ ಇಷ್ಟವಾಯಿತೇ ಎಂದು ಅವರನ್ನು ಯಾರೂ ಕೇಳಲಿಲ್ಲ. ಆಸ್ಪತ್ರೆಯ ದಾಖಲೆಗಳೇ ಉತ್ತರ ಕೊಟ್ಟವು. ನೀವೂ ಒಂದೇ ಚಿತ್ರಸಮೂಹವನ್ನು ಎರಡು ಬಗೆಯ ಬೆಳಕಿನಲ್ಲಿ ಇಟ್ಟು, ಜನರು ಒಳಗೆ ಕಳೆದ ಒಟ್ಟು ಸಮಯವನ್ನು ಹೋಲಿಸಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ: ಬೆಳಕು ಬದಲಾದ ವಾರವೇ ಸಂಗೀತವನ್ನೂ ಹಾಕಿದರೆ ಏನೂ ತಿಳಿಯುವುದಿಲ್ಲ.

ಹೊರಗೆ ಹೋಗುವಾಗ ಕೊಡುವ ಹಾಳೆಯಲ್ಲಿ 'ಚೆನ್ನಾಗಿದೆ' ಎಂಬ ಒಂದೇ ಅಳತೆ ಬೇಡ. ಮನೋವಿಜ್ಞಾನಿ ಚಾರ್ಲ್ಸ್ ಆಸ್ಗುಡ್ ರೂಪಿಸಿದ ವಿರುದ್ಧಪದಗಳ ಮಾಪನ ಇಲ್ಲಿ ಬಹಳ ಉಪಯುಕ್ತ: ಶಾಂತ ಮತ್ತು ಕ್ಷುಬ್ಧ, ಹಗುರ ಮತ್ತು ಭಾರ, ಹಿತ ಮತ್ತು ಅಹಿತ, ನಡುವೆ ಏಳು ಮನೆಗಳು. ಒಳ್ಳೆಯ ಪದಗಳೆಲ್ಲ ಒಂದೇ ಬದಿಗೆ ಬರದಂತೆ ಕೆಲವು ಸಾಲುಗಳನ್ನು ತಿರುಗಿಸಿ ಅಚ್ಚು ಹಾಕಿಸಿ, ಇಲ್ಲದಿದ್ದರೆ ಕೆಲವರು ಮೇಲಿಂದ ಕೆಳಗೆ ಒಂದೇ ಗೆರೆ ಎಳೆದು ಕೊಡುತ್ತಾರೆ. ಈಗ ಕೈಯಲ್ಲಿರುವ ಫಾರ್ಮ್‌ಗಳನ್ನೂ ಎಸೆಯಬೇಡಿ: ನಕ್ಷತ್ರಗಳನ್ನು ಬದಿಗಿಟ್ಟು, ಯಾರೂ ಕೇಳದಿದ್ದರೂ ಒಂದು ಚಿತ್ರವನ್ನು ಹೆಸರಿಸಿ ಬರೆದ ಸಾಲುಗಳನ್ನು ಮಾತ್ರ ಹೆಕ್ಕಿ ತೆಗೆಯಿರಿ. ಅದಲುಬದಲು ಮಾಡಬೇಕಾದ ಮೊದಲ ಚಿತ್ರಗಳು ಅವುಗಳಲ್ಲೇ ಸಿಗುತ್ತವೆ.